ಹೋವರ್‌ಕ್ರಾಫ್ಟ್‌ನ ಆ ಅಕ್ಕನಿಗೆ ಥ್ಯಾಂಕ್ಸ್

ತೊಂಬತ್ತರ ದಶಕದಲ್ಲಿ ಅಮ್ಮನ ಜೊತೆ ಇಂಗ್ಲೆಂಡಿನ ಡೋವರ್‌ನಿಂದ ಫ್ರಾನ್ಸಿನ ಕ್ಯಾಲೇಗೆ ಹೋವರ್‌ಕ್ರಾಫ್ಟ್‌ನಲ್ಲಿ, ಅಂದರೆ ಗಾಳಿಯ ಮೆತ್ತೆಯ ಮೇಲೆ ತೇಲುತ್ತಾ ನೀರಿನ ಮೇಲೆ ಓಡುವ ವಾಹನದಲ್ಲಿ, ಹೊರಟಿದ್ದೆ. ನಡುವಿನ ಸಮುದ್ರ ಇಂಗ್ಲಿಷ್ ಚಾನೆಲ್ ದಾಟಲು ಸುಮಾರು 35 ನಿಮಿಷ ಸಾಕಾಗುತ್ತಿತ್ತು. ಆದರೆ ಅವತ್ತು ಅಲೆ ಜಾಸ್ತಿ. ನಾಲ್ಕು ಪ್ರೊಪೆಲ್ಲರ್‌ಗಳ ಅಬ್ಬರ, ಕಿಟಕಿಗೆಲ್ಲ ನೀರಿನ ಎರಚಲು, ಹೊರಗೆ ಏನೂ ಕಾಣಿಸುತ್ತಿರಲಿಲ್ಲ. ಅಮ್ಮನಿಗೆ ವಾಂತಿ ಶುರುವಾಯಿತು. ನನಗೆ ಕೈಕಾಲೇ ಆಡಲಿಲ್ಲ.

ಕ್ಯಾಬಿನ್ ಸಿಬ್ಬಂದಿಯಾಗಿದ್ದ ನೀವು ಸೀಟು ಸೀಟು ಹಿಡಿದುಕೊಂಡು ಬಂದಿರಿ. ಅಮ್ಮನ ಪಕ್ಕ ಮಂಡಿಯೂರಿ ಕಾಗದದ ಚೀಲ ಹಿಡಿದಿರಿ. ಒದ್ದೆ ಬಟ್ಟೆಯಿಂದ ಹಣೆ ಒರೆಸಿದಿರಿ. ಜಾರಿದ ಸೆರಗನ್ನೂ ಸರಿ ಮಾಡಿದಿರಿ! ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ತಿಳಿದು, ಬೆರಳು ಬಿಡಿಸಿ ಇನ್ನು ಹತ್ತೇ ನಿಮಿಷ ಅಂತ ತೋರಿಸಿದಿರಿ. ಅಮ್ಮ ನಿಮ್ಮ ಕೈ ಬಿಡಲೇ ಇಲ್ಲ. ನನಗೂ ಹೋದ ಜೀವ ಬಂದ ಹಾಗಾಯಿತು.

2000ರ ಅಕ್ಟೋಬರ್‌ನಲ್ಲಿ ಆ ಸೇವೆ ನಿಂತಿತು. ನೀವು ಈಗ ಎಲ್ಲೇ ಇರಿ, ನಮ್ಮಿಬ್ಬರ ಥ್ಯಾಂಕ್ಸ್ ನಿಮಗೆ.