ಫಿರೋಜಾನಾ, ಕ್ರಿಸೊಕೊಲ್ಲಾನಾ? ಫೋಟೊ ಹಾಕುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ನೀಲಿ-ಹಸಿರು ಕಲ್ಲಿನ ಫೋಟೊ ಹಾಕಿ "ಇದು ಫಿರೋಜಾನಾ?" ಅಂತ ಕೇಳುವುದು ಈಚೆಗೆ ಜಾಸ್ತಿಯಾಗಿದೆ. ಬರೀ ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಫಿರೋಜಾ (ಟರ್ಕಾಯ್ಸ್), ಅದರಂತೆಯೇ ಕಾಣುವ ಇನ್ನೊಂದು ಖನಿಜ ಕ್ರಿಸೊಕೊಲ್ಲಾ, ಎರಡಕ್ಕೂ ಆ ಬಣ್ಣ ಬರುವುದು ತಾಮ್ರದಿಂದಲೇ. ಅಮೆರಿಕದ ಅರಿಜೋನಾದ ತಾಮ್ರದ ಗಣಿಗಳಲ್ಲಿ ಎರಡೂ ಸಿಗುತ್ತವೆ.

ನಿಜವಾದ ವ್ಯತ್ಯಾಸ ಗಡಸುತನದಲ್ಲಿದೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಅಳತೆಯಲ್ಲಿ ಫಿರೋಜಾ 5ರಿಂದ 6. ಶುದ್ಧ ಕ್ರಿಸೊಕೊಲ್ಲಾ 2ರಿಂದ 4 ಅಷ್ಟೇ, ಚಾಕುವಿನ ತುದಿಗೇ ಗೀರು ಬೀಳುತ್ತದೆ. ಈ ಪರೀಕ್ಷೆ ಕಚ್ಚಾ ಕಲ್ಲಿಗೆ ಮಾತ್ರ, ಅದೂ ಹಿಂಬದಿಯಲ್ಲಿ. ಉಂಗುರದ ಕಲ್ಲನ್ನು ದಯವಿಟ್ಟು ಗೀಚಬೇಡಿ.

ಆದರೆ ಕ್ರಿಸೊಕೊಲ್ಲಾ ಸಣ್ಣ ಕಣಗಳಾಗಿ ಕ್ಯಾಲ್ಸಿಡೋನಿಯೊಳಗೆ (ಒಂದು ಬಗೆಯ ಕ್ವಾರ್ಟ್ಜ್) ಬೆರೆತಿದ್ದರೆ ಗಡಸುತನ ಸುಮಾರು 7ಕ್ಕೆ ಏರುತ್ತದೆ. ಇದನ್ನು ಜೆಮ್ ಸಿಲಿಕಾ ಅನ್ನುತ್ತಾರೆ, ಬೆಲೆಯೂ ಜಾಸ್ತಿ. ಅಂಚಿಗೆ ಟಾರ್ಚ್ ಹಿಡಿಯಿರಿ. ಬೆಳಕು ಒಳಗೆ ಹರಡಿ ಕಲ್ಲು ಹೊಳೆಯುತ್ತದೆ. ಫಿರೋಜಾದಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ.

ಅಗ್ಗದ ಸರಗಳಲ್ಲಿ ಫಿರೋಜಾ ಬದಲು ಬಣ್ಣ ಹಾಕಿದ ಹೌಲೈಟ್ ಎಂಬ ಬಿಳಿ ಕಲ್ಲು ಇರುವುದೂ ಉಂಟು. ಮಣಿಯ ತೂತಿನೊಳಗೆ ಭೂತಗನ್ನಡಿ ಹಿಡಿದು ನೋಡಿ. ಒಳಗೆ ಬೆಳ್ಳಗೆ ಕಂಡರೆ, ಬಣ್ಣ ಹಾಕಿದ್ದಾರೆ ಅಂತ ಅನುಮಾನಪಡಿ.

ನಾಲಿಗೆಗೆ ತಾಗಿಸಿ ನೋಡುವುದು ಬೇಡವೇ ಬೇಡ. ಕ್ರಿಸೊಕೊಲ್ಲಾದಂತೆ ಮೆತ್ತನೆಯ ಫಿರೋಜಾ ಕೂಡ ನಾಲಿಗೆಗೆ ಅಂಟುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಇನ್ನು ಮುಂದೆ ಹಗಲು ಬೆಳಕಿನಲ್ಲಿ ಕಲ್ಲಿನ ಮುಂದೆ, ಹಿಂದೆ ಎರಡೂ ಕಡೆ ಫೋಟೊ ತೆಗೆದು, ಟಾರ್ಚ್ ಹಿಡಿದದ್ದನ್ನೂ ಜೊತೆಗೆ ಹಾಕಿ.