ನಿನ್ನ ಚಿತ್ರದಲ್ಲಿ ಇನ್ನೊಬ್ಬರ ಕೈ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಮನೆಯ ಸುದ್ದಿ ನಿನ್ನಪ್ಪ ಬರೆದೇ ಇರುತ್ತಾನೆ, ಬಿಡು. ನಿನ್ನ ಕಾಗದದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ: ‘ನನ್ನ ಚಿತ್ರದಲ್ಲಿ ನಾನೇ ಇಲ್ಲ, ಬರೀ ಡೀಬೆನ್‌ಕಾರ್ನ್ ಇದ್ದಾನೆ.’

ಸರಿ, ಆ ಅಮೆರಿಕದ ಚಿತ್ರಕಾರ ಡೀಬೆನ್‌ಕಾರ್ನ್ ಒಳಗೆ ಯಾರಿದ್ದಾರೆ? ಫ್ರಾನ್ಸಿನ ಚಿತ್ರಕಾರ ಮಾತೀಸ್. ಡೀಬೆನ್‌ಕಾರ್ನ್ ಸೇನೆಯಲ್ಲಿದ್ದಾಗ, 1944ರ ಸುಮಾರಿಗೆ, ವಾಷಿಂಗ್ಟನ್ನಿನ ಫಿಲಿಪ್ಸ್ ಸಂಗ್ರಹಾಲಯದಲ್ಲಿ ಮಾತೀಸ್ 1916ರಲ್ಲಿ ಬರೆದ ಸ್ಟುಡಿಯೋ ಚಿತ್ರವನ್ನು ನೋಡಿದ. 1952ರಲ್ಲಿ ಲಾಸ್ ಏಂಜಲೀಸ್, 1964ರಲ್ಲಿ ಸೋವಿಯತ್ ಒಕ್ಕೂಟ, 1966ರಲ್ಲಿ ಮತ್ತೆ ಲಾಸ್ ಏಂಜಲೀಸ್. ಎಲ್ಲ ಕಡೆಯೂ ಮಾತೀಸನ ಚಿತ್ರಗಳನ್ನೇ ನೋಡಿದ. ಕೊನೆಯ ಪ್ರದರ್ಶನದಲ್ಲಿ 1914ರ ಎರಡು ಚಿತ್ರಗಳಿದ್ದವು, ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ನೋಟ ಮತ್ತು ಫ್ರಾನ್ಸಿನ ಕೊಲ್ಯೂರ್ ಊರಿನ ಕಿಟಕಿ. ಮರುವರ್ಷ ಶುರುವಾದ ಡೀಬೆನ್‌ಕಾರ್ನ್‌ನ ‘ಓಷನ್ ಪಾರ್ಕ್’ ಚಿತ್ರಸರಣಿಯ ನೆಟ್ಟನೆಯ ಪಟ್ಟಿಗಳ ಮೂಲವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ಆದರೂ ಅವನ್ನು ಯಾರೂ ಮಾತೀಸನವು ಅನ್ನುವುದಿಲ್ಲ.

ಅವನು ಮಾತೀಸನಿಂದ ತೆಗೆದುಕೊಂಡದ್ದು ಚಿತ್ರದಲ್ಲಿ ಆಕಾರಗಳನ್ನು ಹೊಂದಿಸುವ ಕ್ರಮವನ್ನು. ಅವನ 1963ರ ಚಿತ್ರ ‘ಸಿಟಿಸ್ಕೇಪ್ 1’ ನೋಡು. ದಿಗಂತ ಮೇಲಂಚಿನ ಹತ್ತಿರ ಹೋಗಿದೆ, ಹಾಗಾಗಿ ನೆಲ ಗೋಡೆಯಂತೆ ಎದ್ದು ನಿಂತಿದೆ. ಎಡಕ್ಕೆ ಕಟ್ಟಡ, ಬಲಕ್ಕೆ ಬಯಲು. ನೆರಳಿಗೂ ಕಟ್ಟಡದಷ್ಟೇ ತೂಕ. ಕತ್ತರಿ, ನಿಂಬೆಹಣ್ಣಿನ ವಸ್ತುಚಿತ್ರದಲ್ಲೂ ಇದೇ ಉಪಾಯ: ಮೇಜನ್ನು ಮೇಲಿನಿಂದ ನೋಡಿದಾಗ ಅದರ ಮೈಯೇ ಚಿತ್ರವನ್ನು ತುಂಬುತ್ತದೆ. ಮಾತೀಸನ ಜೊತೆಗೆ ಹಾಪರ್, ಸೆಜಾನ್, ಮಾಂಡ್ರಿಯನ್ ಎಂಬ ಚಿತ್ರಕಾರರಿಂದಲೂ ಅವನು ಕಲಿತ. ಒಬ್ಬನೇ ಗುರು ಇದ್ದರೆ ನಕಲಾಗುವ ಭಯ ನಿಜ. ನಾಲ್ವರು ನಾಲ್ಕು ಕಡೆ ಎಳೆದರೆ ನಡುವೆ ನಿನಗೆ ಜಾಗ ಸಿಗುತ್ತದೆ.

ನಮ್ಮ ಕಾಲಕ್ಕೆ ಇವೆಲ್ಲ ಪುಸ್ತಕಗಳ ಕಪ್ಪುಬಿಳುಪು ಅಚ್ಚಿನಲ್ಲೇ ಸಿಗುತ್ತಿದ್ದವು. ಬಣ್ಣ ಕಾಣದ ಕೊರಗು ಇನ್ನೂ ಹೋಗಿಲ್ಲ, ಆದರೆ ಕದಿಯುವುದಕ್ಕೂ ಬಣ್ಣ ಇರಲಿಲ್ಲ ನೋಡು. ಕೇಳದಿದ್ದರೂ ಹೇಳುತ್ತೇನೆ: ನೀನೂ ಡೀಬೆನ್‌ಕಾರ್ನ್‌ನ ಚಿತ್ರವನ್ನು ಬಣ್ಣ ತೆಗೆದು ನೋಡು. ಅಂಗೈಯಗಲದ ಕಾಗದದಲ್ಲಿ ಕಪ್ಪು, ಬೂದು, ಬಿಳಿ, ಮೂರೇ ಛಾಯೆಯಲ್ಲಿ ಗೀಚು. ಆಮೇಲೆ ಪುಸ್ತಕ ಮುಚ್ಚಿ, ನಿನ್ನ ಮೇಜಿನ ವಸ್ತುಗಳನ್ನು ಆ ಕ್ರಮದಲ್ಲಿ ಕೂರಿಸು. ಬಣ್ಣ ಎದುರಿಗಿರುವ ವಸ್ತುವಿನಿಂದಲೇ ಬರಲಿ.

ನಿನ್ನ ಭಯಕ್ಕೆ ಕಾರಣ ಇರುವುದು ಒಂದೇ ಕಡೆ ಅಂತ ನನಗನ್ನಿಸುತ್ತದೆ. ಅವನ ಚಿತ್ರಗಳಲ್ಲಿ ಕೆಳಪದರದಿಂದ ಇಣುಕುವ ಗೆರೆಗಳು ನಿಜವಾಗಿ ತಿದ್ದಿದ ಗುರುತುಗಳು. ಅವನ್ನು ಬೇಕೆಂದೇ ಎಳೆದರೆ ಅಲಂಕಾರವಾಗುತ್ತದೆ, ಅದು ನಕಲೇ. ನೀನು ತಿದ್ದಿದ್ದರೆ ಮಾತ್ರ ಉಳಿಸು. ಇನ್ನು ಹಸಿ ಎಣ್ಣೆಬಣ್ಣದ ಮೇಲೆ ಬಿಳಿ ಉಜ್ಜಿದರೆ ಸುಣ್ಣದ ರಾಡಿಯಾಗುತ್ತದೆ. ಕೆಳಪದರವನ್ನು ಟರ್ಪೆಂಟೈನಿನಲ್ಲಿ ತೆಳು ಮಾಡು, ಮುಟ್ಟಿದರೆ ಅಂಟದಷ್ಟು ಒಣಗಲಿ, ಮೇಲಿನದಕ್ಕೆ ಎಣ್ಣೆ ತುಸು ಹೆಚ್ಚಿರಲಿ. ತಿರುಗುಮುರುಗಾದರೆ ಮೇಲ್ಪದರ ಮೊದಲು ಗಟ್ಟಿಯಾಗಿ, ಕೆಳಗಿನದು ಒಣಗುತ್ತ ಅಲುಗಿದಾಗ ಬಿರುಕು ಬಿಡುತ್ತದೆ. ಇದೆಲ್ಲ ನಿನಗೆ ಗೊತ್ತಿರಲೂಬಹುದು.

ಮುಂದಿನ ಕಾಗದದ ಜೊತೆ ಆ ಮೂರು ಛಾಯೆಯ ಗೀಚುಗಳನ್ನು ಕಳಿಸು. ಪೂರ್ತಿ ಚಿತ್ರ ಈಗ ಬೇಡ.

ಇಂತು,
ನಿನ್ನ ಅತ್ತೆ