ಶಾಸಕರೇ, ಆ ಕಾಡಿಗೆ ಜೆಸಿಬಿ ಈಗಲೇ ಬೇಡ

ಮಾನ್ಯ ಶಾಸಕರೇ,

ನಮಸ್ಕಾರ. ಕಾಡಿನೊಳಗೆ ಹಳೆಯ ಕಟ್ಟಡಗಳ ಅವಶೇಷ ಸಿಕ್ಕಿದ ಸುದ್ದಿ ಕೇಳಿ ತಾವೇ ನಡೆದು ಬಂದು ನೋಡಿದಿರಿ. ಸಂತೋಷ. ಆದರೆ ಅಲ್ಲೇ ನಿಂತು 'ಬೇಗ ಕ್ಲೀನ್ ಮಾಡಿಸಿ ರಸ್ತೆ ಹಾಕಿಸೋಣ' ಅಂದಿರಲ್ಲ, ಅದಕ್ಕೇ ಈ ಪತ್ರ. ದಯವಿಟ್ಟು ಮೊದಲು ಪುರಾತತ್ವ ಇಲಾಖೆಯವರಿಂದ ಸರ್ವೆ ಆಗಲಿ.

ಅಲ್ಲಿ ಕಸದ ಹಾಗೆ ಕಾಣುವ ಮಣ್ಣೇ ಆ ಜಾಗದ ದಾಖಲೆ. ಅದು ಪದರ ಪದರವಾಗಿ ಕೂತಿರುತ್ತದೆ. ಮಡಕೆ ಚೂರು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂದು ನೋಡಿಯೇ ಜನ ಯಾವಾಗ ಬಂದರು, ಯಾವಾಗ ಬಿಟ್ಟು ಹೋದರು ಎಂದು ಹೇಳುವುದು. ಒಲೆಯ ಇದ್ದಿಲು ಸಿಕ್ಕರೆ ಕಾರ್ಬನ್-14 ಪರೀಕ್ಷೆಯಿಂದ ಅದರ ಕಾಲ ಅಂದಾಜು ಮಾಡಬಹುದು. ಜೆಸಿಬಿ ಒಮ್ಮೆ ಬಾಯಿ ಹಾಕಿದರೆ ಎಲ್ಲ ಕಲಸಿಹೋಗುತ್ತದೆ. ಆಮೇಲೆ ಚೂರುಗಳನ್ನು ಆರಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟರೂ ಅವು ಸುಮ್ನೆ ಚೂರುಗಳು. ಕೆತ್ತನೆಗಳ ಮೇಲಿನ ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿಸುವುದೂ ಬೇಡ. ಪಾಚಿ ಜೊತೆ ಅಕ್ಷರವೂ ಹೋಗುತ್ತದೆ.

ಇನ್ನು ಮರಗಳು. ಬೇರು ಗೋಡೆ ಸೀಳುತ್ತದೆ, ನಿಜ. ಎಷ್ಟೋ ಕಡೆ ಸಡಿಲವಾದ ಕಲ್ಲುಗಳನ್ನು ಹಿಡಿದು ನಿಲ್ಲಿಸಿರುವುದೂ ಅದೇ ಬೇರು. ಮರ ಕಡಿದರೆ ಬೇರು ಒಳಗೇ ಕೊಳೆತು, ಸಂದಿ ಪೊಳ್ಳಾಗಿ, ಗೋಡೆ ಕುಸಿಯಬಹುದು. ಕಾಂಬೋಡಿಯಾದ ತಾ ಪ್ರೋಮ್ ಗುಡಿಯಲ್ಲಿ ದೊಡ್ಡ ಮರಗಳನ್ನು ಉಳಿಸಿಕೊಂಡೇ ದುರಸ್ತಿ ಮಾಡಿದ್ದಾರೆ. ಆ ಕೆಲಸಕ್ಕೆ ಕೈಜೋಡಿಸಿದ್ದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ!

ಈಗ ಕಂಡಿರುವ ನಾಲ್ಕು ಗೋಡೆಗಳೇ ಎಲ್ಲ ಅಂತಲೂ ಅಂದುಕೊಳ್ಳಬೇಡಿ. ಲೈಡಾರ್ ಅಂತ ಒಂದು ವಿಧಾನ ಇದೆ. ಮೇಲಿನಿಂದ ಲೇಸರ್ ಕಿರಣ ಬಿಡುತ್ತಾರೆ. ಎಲೆಗಳ ಸಂದಿಯಲ್ಲಿ ನೆಲ ಮುಟ್ಟಿ ವಾಪಸ್ ಬಂದ ಕಿರಣಗಳಿಂದ ನೆಲದ ಏರುತಗ್ಗಿನ ನಕ್ಷೆ ತಯಾರಾಗುತ್ತದೆ. 2009ರಲ್ಲಿ ಮಧ್ಯ ಅಮೆರಿಕದ ಬೆಲೀಜ್ ದೇಶದ ಹಳೇ ಮಾಯಾ ನಗರ ಕಾರಕೋಲ್‌ನಲ್ಲಿ, 2012ರಲ್ಲಿ ಕಾಂಬೋಡಿಯಾದ ಹಳೇ ರಾಜಧಾನಿ ಅಂಕೋರ್ ಸುತ್ತ ಹೀಗೆ ಅಳೆದಾಗ ಕಾಡಿನಡಿ ಅಡಗಿದ್ದ ದಾರಿಗಳು, ಕೆರೆಗಳು, ದಿಬ್ಬಗಳು ಕಾಣಿಸಿಕೊಂಡವು. ಅದಕ್ಕಾಗಿ ಮರ ಕಡಿಯಬೇಕಾಗಲಿಲ್ಲ. ತಾವು ಹೇಳಿದ ರಸ್ತೆ ಅಂಥದ್ದೇ ಒಂದು ಹಳೇ ಕೆರೆಯ ಮೇಲೆ ಹೋದರೆ?

ಇನ್ನೊಂದು ವಿಷಯ, ಇದು ಜಾಸ್ತಿ ಅವಸರದ್ದು. ತಮ್ಮ ಕಡೆಯವರು ಫೋಟೋ ಜೊತೆ ಲೊಕೇಶನ್ ಕೂಡ ಹಾಕಿದ್ದಾರೆ. ಇವತ್ತೇ ತೆಗೆಸಿ. ನಿಧಿ ಆಸೆಗೆ ಅಗೆಯುವವರಿಗೆ ನಾವೇ ದಾರಿ ತೋರಿಸಿದ ಹಾಗಾಯಿತು, ಅಲ್ವಾ?

ಅರಣ್ಯ ಇಲಾಖೆ, ಪುರಾತತ್ವ ಇಲಾಖೆ ಎರಡನ್ನೂ ಒಂದೇ ಮೇಜಿಗೆ ಕೂರಿಸುವುದು ತಮ್ಮಿಂದ ಆಗುವ ಕೆಲಸ, ನಮ್ಮಿಂದ ಆಗದು. ಸರ್ವೆ ಮುಗಿಯುವವರೆಗೆ ಕಾವಲಿಗೆ ಒಬ್ಬರನ್ನಾದರೂ ಹಾಕಿಸಿ. ಕಮಾನು, ನಾಮಫಲಕ, ಉದ್ಘಾಟನೆ ಎಲ್ಲ ಆಮೇಲೆ ಇದ್ದೇ ಇದೆ. ಇಲಾಖೆಗಳಿಗೆ ಯಾವಾಗ ಬರೆಯುತ್ತೀರಿ ಎಂದು ತಿಳಿಸಿ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ